ಹಾಸ್ಟೆಲಿಗೆ ಹೋಗದ ಹಾಸ್ಟೆಲ್ ಕಥೆಗಾರ್ತಿ: ಎನಿಡ್ ಬ್ಲೈಟನ್

ಹಾಸ್ಟೆಲಿನಲ್ಲಿ ಏನಾದರೂ ಕಳುವಾದರೆ ನಾವೆಲ್ಲ ಕೇಳೋದು ಒಂದೇ ಪ್ರಶ್ನೆ: ಯಾರು? ಚಾರ್ಜರ್ ಹೋಗಲಿ, ಕ್ಯಾಲ್ಕುಲೇಟರ್ ಹೋಗಲಿ, ಪರೀಕ್ಷೆಯ ಹಿಂದಿನ ರಾತ್ರಿ ನೋಟ್ಸೇ ಹೋಗಲಿ, ಯಾರು ಅಂತ ಗೊತ್ತಾದರೆ ಕೇಸು ಮುಗೀತು. ಯಾಕೆ ತಗೊಂಡ ಅಂತ ಕೇಳುವ ಪುರುಸೊತ್ತು ಯಾರಿಗೂ ಇಲ್ಲ. ಈ ಎರಡನೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಮಕ್ಕಳಿಗಾಗಿ ವಸತಿ ಶಾಲೆಯ ಕಥೆಗಳನ್ನು ಬರೆದವಳು ಎನಿಡ್ ಬ್ಲೈಟನ್. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು ಆಕೆಯ ಫೇಮಸ್ ಫೈವ್, ಸೀಕ್ರೆಟ್ ಸೆವೆನ್ ಓದಿರುತ್ತೀರಿ. ಕನ್ನಡ ಮೀಡಿಯಂನವರು ಕನಿಷ್ಠ ಹೆಸರಾದರೂ ಕೇಳಿರುತ್ತೀರಿ. ಆಕೆಯ ಬದುಕಿನ ಕಥೆ ಮಾತ್ರ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಅದೂ ಒಂದು ಪತ್ತೇದಾರಿ ಕಥೆನೇ.

ಎನಿಡ್ ಹುಟ್ಟಿದ್ದು 1897ರ ಆಗಸ್ಟ್ 11ರಂದು, ಲಂಡನ್ನಿನ ಈಸ್ಟ್ ಡಲ್ವಿಚ್‌ನಲ್ಲಿ. ಸ್ವಲ್ಪ ದಿನದಲ್ಲೇ ಮನೆಯವರು ಬೆಕೆನ್‌ಹ್ಯಾಮ್ ಎಂಬ ಉಪನಗರಕ್ಕೆ ಬಂದರು. ಇಬ್ಬರು ತಮ್ಮಂದಿರು. ಅಪ್ಪ ಥಾಮಸ್ ಅಂದ್ರ ಎನಿಡ್‌ಗೆ ಪ್ರಾಣ. ಹೂವಿನ ಹೆಸರು, ಹಕ್ಕಿಯ ಗೂಡು, ಪಿಯಾನೋ, ಪುಸ್ತಕ, ಎಲ್ಲವೂ ಆಕೆಗೆ ಬಂದದ್ದು ಅಪ್ಪನ ಕೈ ಹಿಡಿದು ತಿರುಗಾಡಿದ್ದರಿಂದ. ಅವ್ವ ಥೆರೇಸಾಗೆ ಇದೆಲ್ಲ ಹಿಡಿಸುತ್ತಿರಲಿಲ್ಲ. ಹುಡುಗಿ ಮನೆಗೆಲಸ ಕಲಿಯಲಿ ಅಂತ ಆಕೆಯ ಹಟ.

1910ರಲ್ಲಿ, ಎನಿಡ್‌ಗೆ 13 ತುಂಬುವ ಹೊತ್ತಿಗೆ, ಅಪ್ಪ ಇನ್ನೊಬ್ಬ ಹೆಂಗಸಿನ ಜೊತೆ ಬದುಕಲು ಮನೆ ಬಿಟ್ಟು ಹೋದ. ಅವ್ವ ಮಕ್ಕಳನ್ನು ಕೂರಿಸಿಕೊಂಡು ಒಂದು ಮಾತು ಕಲಿಸಿದಳು: ಯಾರಾದರೂ ಕೇಳಿದರೆ ಅಪ್ಪ ಊರಿಗೆ ಹೋಗಿದ್ದಾರೆ ಅಂತ ಹೇಳಬೇಕು.

ಈಗ ಹಳೇ ಹುಬ್ಬಳ್ಳಿಯ ಯಾವುದಾದರೂ ಓಣಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಅಲ್ಲಿ ಈ ಮಾತು ಎಷ್ಟು ದಿನ ನಡೆದೀತು? ಎರಡನೇ ದಿನಕ್ಕೇ ಎದುರು ಮನೆಯ ಕಟ್ಟೆ ಮೇಲೆ ಕೂತ ಅಜ್ಜಿ, ಯಾವ ಊರವ್ವ, ಯಾವಾಗ ಬರ್ತಾನ, ಚೀಲ ತಗೊಂಡು ಹೋಗ್ಯಾನೋ ಹಂಗ ಹೋಗ್ಯಾನೋ ಅಂತ ಕೇಳಿ ಎಲ್ಲ ಹೊರಗೆ ಹಾಕಿಸಿಬಿಡ್ತಾಳೆ. ನಮ್ಮ ಓಣಿಗಳಲ್ಲಿ ಗುಟ್ಟು ಉಳಿಯೋದಿಲ್ಲ. ಅದು ಒಳ್ಳೇದೋ ಕೆಟ್ಟದ್ದೋ, ಆ ಮಾತು ಬ್ಯಾರೆ. ಲಂಡನ್ನಿನ ಮಧ್ಯಮ ವರ್ಗದ ಆ ಬೀದಿಯಲ್ಲಿ ಮಾತ್ರ ಉಳಿಯಿತು. ಹುಡುಗಿ ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಬರೆಯತೊಡಗಿದಳು. ಹೊರಗೆ ನಗುಮುಖ, ಒಳಗೆ ಬೀಗ. ಇದು ಜೀವನಪೂರ್ತಿ ಉಳಿದ ರೂಢಿ.

ಶಾಲೆಯಲ್ಲಿ ಮಾತ್ರ ಎನಿಡ್ ಹುಲಿ. ಬೆಕೆನ್‌ಹ್ಯಾಮಿನ ಸೇಂಟ್ ಕ್ರಿಸ್ಟೋಫರ್ ಶಾಲೆಯಲ್ಲಿ 1907ರಿಂದ 1915ರವರೆಗೆ ಓದಿದಳು. ಟೆನಿಸ್, ಲಕ್ರಾಸ್, ಕೀಟಲೆ, ಎಲ್ಲದರಲ್ಲೂ ಮುಂದೆ. ಕಡೆಗೆ ಇಡೀ ಶಾಲೆಗೆ ಹೆಡ್ ಗರ್ಲ್. ಇಬ್ಬರು ಗೆಳತಿಯರ ಜೊತೆ ಸೇರಿ ಒಂದು ಪತ್ರಿಕೆಯನ್ನೂ ಮಾಡಿದಳು. ಮೂವರ ಮನೆತನದ ಹೆಸರಿನ ಮೊದಲ ಅಕ್ಷರ ಕೂಡಿಸಿ ಅದಕ್ಕೆ ‘ಡ್ಯಾಬ್’ ಅಂತ ಹೆಸರು. (ನಮ್ಮ ಕ್ಲಬ್ಬಿನ ಪತ್ರಿಕೆಗೆ ಹೆಸರು ಹುಡುಕೋಕೆ ಮೂರು ಮೀಟಿಂಗ್ ಬೇಕಾಯಿತು ಅನ್ನೋದನ್ನ ಇಲ್ಲಿ ಹೇಳೋದು ಬೇಡ.) ಗಮನಿಸಬೇಕಾದ್ದು ಏನಂದ್ರ, ಆಕೆ ಈ ಶಾಲೆಗೆ ಮನೆಯಿಂದಲೇ ಹೋಗಿ ಬರುತ್ತಿದ್ದಳು. ಜಗತ್ತಿನ ಲಕ್ಷಾಂತರ ಮಕ್ಕಳಿಗೆ ಹಾಸ್ಟೆಲ್ ಕನಸು ಹಚ್ಚಿದವಳು ತಾನು ಹಾಸ್ಟೆಲಿನಲ್ಲಿ ಓದಿದವಳಲ್ಲ. ಸಂಜೆಯಾದರೆ ವಾಪಸ್ ಆ ಮನೆಗೇ.

ಅಪ್ಪನ ಆಸೆಯಂತೆ ಸಂಗೀತ ಕಲಿಯಬೇಕಿತ್ತು. 1916ರಲ್ಲಿ ಅದನ್ನು ಬಿಟ್ಟು ಇಪ್ಸ್‌ವಿಚ್‌ನಲ್ಲಿ ಶಿಕ್ಷಕಿಯ ತರಬೇತಿಗೆ ಸೇರಿದಳು. ಅವ್ವನ ಮನೆಯ ಸಂಬಂಧ ಹೆಚ್ಚುಕಮ್ಮಿ ಅಲ್ಲಿಗೆ ಕಡಿಯಿತು. ಒಂದು ವರ್ಷ ಶಾಲೆಯಲ್ಲಿ ಪಾಠ ಹೇಳಿ, ಮುಂದೆ ಸರ್ಬಿಟನ್ ಎಂಬಲ್ಲಿ ಒಂದು ಮನೆಯ ನಾಲ್ವರು ಹುಡುಗರಿಗೆ ಮನೆಪಾಠದ ಟೀಚರ್ ಆದಳು. ಅಕ್ಕಪಕ್ಕದ ಮಕ್ಕಳೂ ಬಂದು ಕೂತು ಅದೊಂದು ಪುಟ್ಟ ಶಾಲೆಯೇ ಆಯಿತು. ಬರೆದ ಕಥೆಯನ್ನು ಆ ಮಕ್ಕಳಿಗೆ ಹೇಳೋದು, ಅವರು ಎಲ್ಲಿ ಆಕಳಿಸಿದರೋ ಅಲ್ಲಿ ಕತ್ತರಿ ಹಾಕೋದು. 1922ರಲ್ಲಿ ಮೊದಲ ಪುಸ್ತಕ ಬಂತು, ಪುಟ್ಟ ಕವನ ಸಂಗ್ರಹ. 1924ರಲ್ಲಿ ಪ್ರಕಾಶನ ಸಂಸ್ಥೆಯೊಂದರ ಸಂಪಾದಕ ಹ್ಯೂ ಪೊಲಾಕ್ ಜೊತೆ ಮದುವೆ. 1931ರಲ್ಲಿ ಜಿಲಿಯನ್, 1935ರಲ್ಲಿ ಇಮೋಜೆನ್ ಹುಟ್ಟಿದರು. 1938ರಲ್ಲಿ ಬೀಕನ್ಸ್‌ಫೀಲ್ಡ್ ಊರಿನ ದೊಡ್ಡ ಮನೆಗೆ ಬಂದರು. ಮನೆಗೆ ಹೆಸರಿಡಿ ಅಂತ ತನ್ನ ಪುಟ್ಟ ಓದುಗರನ್ನೇ ಕೇಳಿದಳು. ‘ಗ್ರೀನ್ ಹೆಡ್ಜಸ್’ ಅಂತ ಆಯಿತು.

ಇಲ್ಲಿಂದ ಶುರು ನೋಡಿ ಬರವಣಿಗೆಯ ಹೊಳೆ. 1940ರಲ್ಲಿ ಮೊದಲ ವಸತಿ ಶಾಲೆ ಕಾದಂಬರಿ. 1941ರಿಂದ ಸೇಂಟ್ ಕ್ಲೇರ್ಸ್ ಸರಣಿ. 1942ರಲ್ಲಿ ಫೇಮಸ್ ಫೈವ್, 1943ರಲ್ಲಿ ಫೈವ್ ಫೈಂಡ್-ಔಟರ್ಸ್, 1946ರಿಂದ 1951ರವರೆಗೆ ವರ್ಷಕ್ಕೊಂದರಂತೆ ಮ್ಯಾಲರಿ ಟವರ್ಸ್‌ನ ಆರು ಪುಸ್ತಕ. ಮಹಾಯುದ್ಧದ ಕಾಲ, ಕಾಗದಕ್ಕೆ ರೇಷನ್, ಆದರೂ ಪ್ರಕಾಶಕರು ಆಕೆಗಾಗಿ ಕಾಗದ ಹೊಂದಿಸುತ್ತಿದ್ದರು. ಮಡಿಲಲ್ಲಿ ಟೈಪ್‌ರೈಟರ್ ಇಟ್ಟುಕೊಂಡು ಕೂತರೆ ದಿನಕ್ಕೆ 6,000ದಿಂದ 10,000 ಪದ. ಕಥೆಯ ಪ್ಲಾನ್ ಮೊದಲೇ ಹಾಕುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಪಾತ್ರಗಳು ಸಿನಿಮಾದ ಹಾಗೆ ಕಾಣುತ್ತವೆ, ತಾನು ನೋಡಿದ್ದನ್ನು ಟೈಪ್ ಮಾಡುತ್ತೇನಷ್ಟೇ ಅಂತ ಪೀಟರ್ ಮೆಕೆಲರ್ ಎಂಬ ಮನಶ್ಶಾಸ್ತ್ರಜ್ಞರಿಗೆ ಪತ್ರ ಬರೆದು ವಿವರಿಸಿದ್ದಾಳೆ. ಫ್ಲೋಚಾರ್ಟ್ ಇಲ್ಲದೆ ನೇರ ಕೋಡ್ ಬರೆದ ಹಾಗೆ. ನಾವು ಮಾಡಿದರೆ ಕಂಪೈಲ್ ಆಗೋದಿಲ್ಲ, ಆಕೆಯದು ಆಗುತ್ತಿತ್ತು!

ಫೈಂಡ್-ಔಟರ್ಸ್ ಸರಣಿಯ ಮಕ್ಕಳು ವಸತಿ ಶಾಲೆಯವರು, ಆದರೆ ಪತ್ತೇದಾರಿ ಎಲ್ಲ ನಡೆಯೋದು ರಜೆಯಲ್ಲಿ, ಊರಿಗೆ ಬಂದಾಗ. ದಪ್ಪಗಿನ, ಜಂಬದ, ಮಹಾ ಬುದ್ಧಿವಂತ ಫ್ಯಾಟಿ ಅದರ ನಾಯಕ. ಅವನ ಒಂದು ಉಪಾಯ ನಮ್ಮಂಥವರಿಗೆ ಇಷ್ಟವಾಗಬೇಕು. ಹೊರಗಿನಿಂದ ಬೀಗ ಹಾಕಿ, ಕೀಲಿಯನ್ನು ಬಾಗಿಲಲ್ಲೇ ಬಿಟ್ಟು ಹೋಗಿದ್ದಾರೆ ಅಂದುಕೊಳ್ಳಿ. ಬಾಗಿಲ ಕೆಳಗಿನ ಸಂದಿಯಿಂದ ಒಂದು ಹಾಳೆ ಪೇಪರ್ ಆಚೆ ತಳ್ಳಿ, ಕಡ್ಡಿಯಿಂದ ಕೀಲಿಯನ್ನು ನೂಕಿದರೆ ಅದು ಪೇಪರ್ ಮೇಲೆ ಬೀಳುತ್ತದೆ. ಪೇಪರನ್ನು ಒಳಗೆಳೆದುಕೊಂಡರೆ ಕೀಲಿ ನಿಮ್ಮ ಕೈಯಲ್ಲಿ. ನಮ್ಮ ಹಾಸ್ಟೆಲಿನಲ್ಲಿ ಟ್ರೈ ಮಾಡಬೇಡಿ, ನಮ್ಮಲ್ಲಿ ಹೊರಗೆ ಚಿಲಕ, ಅದಕ್ಕೊಂದು ಜೋತಾಡೋ ಬೀಗ. ಇನ್ನೊಂದು ವಿಷಯ: ಆ ಗುಂಪಿನಲ್ಲಿ ಎಷ್ಟೋ ಸಲ ಮುಖ್ಯ ಸುಳಿವು ಹೊಳೆಯೋದು ಎಲ್ಲರಿಗಿಂತ ಚಿಕ್ಕವಳಾದ ಬೆಟ್ಸ್‌ಗೆ.

ನನ್ನ ಲೆಕ್ಕದಲ್ಲಿ ಆಕೆಯ ಒಳ್ಳೆಯ ಪತ್ತೇದಾರಿ ಕಥೆಗಳು ಮಾತ್ರ ಮ್ಯಾಲರಿ ಟವರ್ಸ್‌ನಲ್ಲಿವೆ. ಸಮುದ್ರದ ಅಂಚಿನ ಬೆಟ್ಟದ ಮೇಲೆ ನಾಲ್ಕು ಗೋಪುರದ ಹೆಣ್ಣುಮಕ್ಕಳ ಶಾಲೆ. ಅಲ್ಲಿ ಕಳ್ಳಸಾಗಣೆದಾರರಿಲ್ಲ, ಸುರಂಗವಿಲ್ಲ. ಎರಡನೇ ಪುಸ್ತಕದಲ್ಲಿ ಹುಡುಗಿಯರ ಪರ್ಸುಗಳು ಕಾಣೆಯಾಗುತ್ತವೆ. ಕದ್ದವಳು ಡ್ಯಾಫ್ನಿ, ಭಾರೀ ಶ್ರೀಮಂತರ ಮಗಳು ಅಂತ ಹೇಳಿಕೊಂಡು ತಿರುಗುವವಳು. ಖಾಲಿ ಪರ್ಸುಗಳನ್ನು ಪೊಟ್ಟಣ ಕಟ್ಟಿ ಅಂಚೆಗೆ ಹಾಕಿ ಪಾರಾಗಬೇಕು ಅಂತಿರುವಾಗ, ಅದರೊಳಗೆ ಏನಿದೆ ಅಂತ ಗೊತ್ತಿಲ್ಲದ ಪುಕ್ಕಲು ಹುಡುಗಿ ಮೇರಿ-ಲೂ, ಗೆಳತಿಗೆ ಉಪಕಾರ ಮಾಡೋಣ ಅಂತ ಬಿರುಗಾಳಿ ರಾತ್ರಿ ಪೊಟ್ಟಣ ಹಿಡಿದು ಹೊರಡುತ್ತಾಳೆ. ಗಾಳಿಗೆ ಬಂಡೆಯ ಅಂಚಿಂದ ಜಾರುತ್ತಾಳೆ. ಹುಡುಕಿಕೊಂಡು ಹೋಗಿ ಜೀವ ಉಳಿಸುವವಳು ಡ್ಯಾಫ್ನಿಯೇ. ಇಡೀ ಶಾಲೆ ಹೊಗಳುತ್ತಿರುವಾಗ ಪೊಟ್ಟಣ ಬಿಚ್ಚಿಕೊಳ್ಳುತ್ತದೆ. ಈಗ ಈ ಹುಡುಗಿ ಕಳ್ಳಿಯೋ, ಧೈರ್ಯವಂತೆಯೋ? ಹೆಡ್‌ಮಿಸ್ಟ್ರೆಸ್ ತೀರ್ಮಾನವನ್ನು ಹುಡುಗಿಯರಿಗೇ ಬಿಡುತ್ತಾಳೆ. ನವೋದಯದಲ್ಲೋ, ಮೊರಾರ್ಜಿ ವಸತಿ ಶಾಲೆಯಲ್ಲೋ, ಕಿತ್ತೂರಿನ ಹೆಣ್ಣುಮಕ್ಕಳ ಸೈನಿಕ ಶಾಲೆಯಲ್ಲೋ ಓದಿ ಬಂದವರಿಗೆ ಇಂಥ ಪಂಚಾಯಿತಿ ಹೊಸದಲ್ಲ.

ಮೊದಲ ಪುಸ್ತಕದ ಗುಟ್ಟು ಇನ್ನೂ ಸಣ್ಣದು, ಇನ್ನೂ ಆಳದ್ದು. ಸ್ಯಾಲಿ ಎಂಬ ಹುಡುಗಿ ತನಗೆ ತಂಗಿಯೇ ಇಲ್ಲ ಅಂತ ಸಾಧಿಸುತ್ತಾಳೆ. ಮನೆಯಲ್ಲಿ ಕೂಸು ಹುಟ್ಟಿದೆ, ತನ್ನನ್ನು ದೂರ ಮಾಡಲಿಕ್ಕೇ ಹಾಸ್ಟೆಲಿಗೆ ಕಳಿಸಿದ್ದಾರೆ ಅನ್ನೋ ಸಂಕಟ ಅವಳಿಗೆ. ಮನೆಯ ಒಬ್ಬರನ್ನು ಇಲ್ಲವೆಂದು ಹೇಳುವ ಮಗು! ಇದನ್ನು ಬರೆಯುವಾಗ ಎನಿಡ್‌ಗೆ ತನ್ನ 13ನೇ ವರ್ಷ ನೆನಪಾಗಿರಲಿಕ್ಕಿಲ್ಲ ಅಂತ ನಂಬೋದು ನನಗೆ ಕಷ್ಟ. ಕಥೆಯಲ್ಲಿ ಸ್ಯಾಲಿಯ ಹೊಟ್ಟೆನೋವಿಗೆ ಶಸ್ತ್ರಚಿಕಿತ್ಸೆ ಮಾಡಿ ಬದುಕಿಸುವವರು ನಾಯಕಿ ಡ್ಯಾರೆಲ್ ರಿವರ್ಸ್‌ಳ ಅಪ್ಪ, ಸರ್ಜನ್.

ಆ ಡ್ಯಾರೆಲ್ ಅನ್ನೋ ಹೆಸರು ಎಲ್ಲಿಂದ ಬಂತು ಅಂದ್ರ, ಅಲ್ಲಿದೆ ಇನ್ನೊಂದು ಕಥೆ. ಹ್ಯೂ ಪೊಲಾಕ್ ಮೊದಲ ಮಹಾಯುದ್ಧ ಕಂಡವನು. ಎರಡನೆಯದು ಹತ್ತಿರವಾದಂತೆ ಕುಡಿತಕ್ಕೆ ಬಿದ್ದ. ಸಂಸಾರ ಒಡೆಯಿತು. ಎನಿಡ್‌ಗೆ ಲಂಡನ್ನಿನ ಸರ್ಜನ್ ಕೆನೆತ್ ಡ್ಯಾರೆಲ್ ವಾಟರ್ಸ್ ಪರಿಚಯವಾದ. ವಿಚ್ಛೇದನದಲ್ಲಿ ತಪ್ಪನ್ನು ಹ್ಯೂ ತನ್ನ ಮೇಲೆ ಹಾಕಿಕೊಂಡ, ಮಕ್ಕಳನ್ನು ನೋಡಲು ಬಿಡಬೇಕು ಅನ್ನುವ ಒಪ್ಪಂದದ ಮೇಲೆ. 1943ರ ಅಕ್ಟೋಬರಿನಲ್ಲಿ ಎನಿಡ್ ಕೆನೆತ್‌ನನ್ನು ಮದುವೆಯಾದಳು. ಒಪ್ಪಂದ ಉಳಿಯಲಿಲ್ಲ. ಮಕ್ಕಳ ಮನೆತನದ ಹೆಸರು ಬದಲಾಯಿತು. ಅಪ್ಪ ಅವರ ಬದುಕಿನಿಂದ ಮಾಯವಾದ. ಹೆಣ್ಣುಮಕ್ಕಳು ಬೆನೆಂಡೆನ್ ಎಂಬ ವಸತಿ ಶಾಲೆಗೆ ಹೋದರು. 1952ರಲ್ಲಿ ಮಕ್ಕಳಿಗಾಗಿ ಎನಿಡ್ ತನ್ನ ಆತ್ಮಕಥೆ ಬರೆದಳು. ಅದರಲ್ಲಿ ಗಂಡ ಅಂದ್ರ ಕೆನೆತ್ ಮಾತ್ರ, ಹ್ಯೂ ಇಲ್ಲವೇ ಇಲ್ಲ. ಅವ್ವ ಕಲಿಸಿದ ಪಾಠ. ಆ ಅವ್ವ 1950ರಲ್ಲಿ ತೀರಿಕೊಂಡಾಗ ಎನಿಡ್ ಮಣ್ಣಿಗೂ ಹೋಗಿರಲಿಲ್ಲ.

ಇದನ್ನ ಓದಿದಾಗ ನನಗೆ ಸಿಟ್ಟು ಬಂದದ್ದು ಖರೆ. ಡ್ಯಾಫ್ನಿಗೆ ಇನ್ನೊಂದು ಅವಕಾಶ ಕೊಟ್ಟ ಕೈಯೇ ಹ್ಯೂಗೆ ಕೊಡಲಿಲ್ಲ. ಆದರೆ ಸಾಕ್ಷಿಗಳಲ್ಲೇ ಒಮ್ಮತವಿಲ್ಲ. ಕಿರಿಯ ಮಗಳು ಇಮೋಜೆನ್ 1989ರಲ್ಲಿ ಬರೆದ ನೆನಪಿನ ಪುಸ್ತಕದಲ್ಲಿ ತಾಯ್ತನದ ಸುಳಿವೇ ಇಲ್ಲದ, ಮಕ್ಕಳನ್ನು ಕಂಡರೆ ದೂರವಿಡುವ ಹೆಂಗಸು ಕಾಣುತ್ತಾಳೆ. ಹಿರಿಯಳಾದ ಜಿಲಿಯನ್ ನೆನಪಿನಲ್ಲಿ ಅದೇ ಎನಿಡ್ ಅಕ್ಕರೆಯ, ನ್ಯಾಯವಂತ ತಾಯಿ. ಒಂದೇ ಮನೆ, ಒಂದೇ ಅವ್ವ, ಎರಡು ಹೇಳಿಕೆ. ಫ್ಯಾಟಿ ಬಂದರೂ ಈ ಕೇಸು ಬಿಡಿಸಲಿಕ್ಕಿಲ್ಲ.

ಹೊರಗೂ ಗುದ್ದಾಟ ಇತ್ತು. ಭಾಷೆ ಬಡ, ಕಥೆ ಒಂದೇ ಅಚ್ಚು ಅಂತ ಗ್ರಂಥಾಲಯದವರು ಮೂಗು ಮುರಿದರು. ಬಿಬಿಸಿ ರೇಡಿಯೋ 1930ರ ದಶಕದಿಂದ ವರ್ಷಗಟ್ಟಲೆ ಆಕೆಯ ಬರಹವನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಇಷ್ಟು ಪುಸ್ತಕ ಒಬ್ಬಳೇ ಬರೆಯಲಾರಳು ಅಂತ ಸುದ್ದಿ ಹಬ್ಬಿದಾಗ ಎನಿಡ್ ಕೋರ್ಟಿಗೆ ಹೋಗಿ ಬಹಿರಂಗ ಕ್ಷಮೆ ಕೇಳಿಸಿದಳು. ಭಾಷೆಯ ದೂರು ಅರ್ಧ ನಿಜ, ಪದಗಳು ಭಾಳ ಕಡಿಮೆ. ಆದರೆ ಇಂಗ್ಲಿಷ್ ಕಷ್ಟಪಟ್ಟು ಕಲಿತ ನಮ್ಮಂಥವರಿಗೆ ಡಿಕ್ಷನರಿ ಮುಟ್ಟದೆ ಓದಿ ಮುಗಿಸುವ ಪುಸ್ತಕ ಸಿಕ್ಕಿದ್ದೂ ಅದರಿಂದಲೇ. ಇನ್ನೊಂದು ದೂರು ಪೂರ್ತಿ ನಿಜ. ಮನೆಗೆಲಸದವರು, ಪರದೇಶದವರು, ಕಪ್ಪು ಬಣ್ಣದವರು ಆಕೆಯ ಕಥೆಯಲ್ಲಿ ನಗೆಪಾಟಲಿಗೋ ಅನುಮಾನಕ್ಕೋ ಈಡಾಗುತ್ತಾರೆ. ಅವರ ವಿಷಯದಲ್ಲಿ ಯಾಕೆ ಅನ್ನುವ ಪ್ರಶ್ನೆಯನ್ನು ಎನಿಡ್ ಕೇಳಲೇ ಇಲ್ಲ.

1960ರ ದಶಕದಲ್ಲಿ ಮರೆವಿನ ಕಾಯಿಲೆ ಅಂಟಿತು. ಕಣ್ಣು ಮುಚ್ಚಿದರೆ ಓಡುತ್ತಿದ್ದ ಸಿನಿಮಾ ನಿಂತಿತು. 1967ರಲ್ಲಿ ಕೆನೆತ್ ಹೋದ. 1968ರ ನವೆಂಬರ್ 28ರಂದು ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನ ಶುಶ್ರೂಷಾಲಯದಲ್ಲಿ ಎನಿಡ್ ತೀರಿಕೊಂಡಳು. ಆಗ 71 ವರ್ಷ, ಬೆನ್ನ ಹಿಂದೆ ಸುಮಾರು 700 ಪುಸ್ತಕ. ಹ್ಯೂ ಮೂರು ವರ್ಷದ ನಂತರ ಸತ್ತ, ಹೆಣ್ಣುಮಕ್ಕಳನ್ನು ಮತ್ತೆ ಕಾಣದೆ. ಗ್ರೀನ್ ಹೆಡ್ಜಸ್ ಮನೆಯನ್ನು 1973ರಲ್ಲಿ ಕೆಡವಿದರು. ಅಲ್ಲಿನ ರಸ್ತೆಗೆ ಈಗ ಬ್ಲೈಟನ್ ಕ್ಲೋಸ್ ಅಂತ ಹೆಸರು. 2020ರಲ್ಲಿ ಮ್ಯಾಲರಿ ಟವರ್ಸ್ ಟಿವಿ ಸರಣಿಯಾಗಿ ಬಂತು. ಅದನ್ನು ಪ್ರಸಾರ ಮಾಡಿದ್ದು ಬಿಬಿಸಿಯ ಮಕ್ಕಳ ಚಾನೆಲ್.