ಹಲವು ಭಾಷೆಗಳ ಹಿರಿಯ ಮಂಜೇಶ್ವರ ಗೋವಿಂದ ಪೈ



ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ನಿರ್ದೇಶಕರೆಲ್ಲ ಒಂದೊಂದು ಲೇಖನ ಕೊಡಬೇಕೆಂದು ಸಂಪಾದಕ ಸಮಿತಿಯವರು ಹೇಳಿದಾಗ ನಾನು ಎರಡು ವಾರ ತಪ್ಪಿಸಿಕೊಂಡು ತಿರುಗಿದೆ. ಅಡಿಕೆ ತೋಟದ ಕೆಲಸ ಗೊತ್ತುಂಟು, ಬರೆಯುವ ಅಭ್ಯಾಸ ಎಸ್.ಎಸ್.ಎಲ್.ಸಿ.ಗೇ ನಿಂತು ಹೋಗಿದೆ. ಕೊನೆಗೆ ವಿಷಯ ಸಿಕ್ಕಿದ್ದು ನಮ್ಮ ಆಡಳಿತ ಮಂಡಳಿಯ ಸಭೆಯಲ್ಲಿಯೇ. ಅವತ್ತು ಗೊಬ್ಬರದ ದಾಸ್ತಾನಿನ ಬಗ್ಗೆ ತುಳುವಿನಲ್ಲಿ ಜೋರು ಚರ್ಚೆ. ಆ ಕಡೆ ಇಬ್ಬರು ಕೊಂಕಣಿಯಲ್ಲಿ ಗುಸುಗುಸು. ಒಬ್ಬರು ಫೋನಿನಲ್ಲಿ ಬ್ಯಾರಿ ಭಾಷೆ, ಇನ್ನೊಬ್ಬರು ಬಾಗಿಲಲ್ಲಿ ನಿಂತು ಹವ್ಯಕ ಕನ್ನಡ. ಕಾರ್ಯದರ್ಶಿಯವರು ಇದಾವುದೂ ಕೇಳದವರ ಹಾಗೆ ನಡಾವಳಿ ಪುಸ್ತಕದಲ್ಲಿ ಅಚ್ಚ ಕನ್ನಡದಲ್ಲಿ ಬರೆಯುತ್ತಾ ಇದ್ದರು. ಇಷ್ಟು ಭಾಷೆ ಒಂದೇ ಕೋಣೆಯಲ್ಲಿ ನಮಗೆ ವಿಶೇಷವಾಗಿ ಕಾಣುವುದೇ ಇಲ್ಲ. ಆಗ ಮಂಜೇಶ್ವರದ ಗೋವಿಂದ ಪೈಗಳ ನೆನಪಾಯಿತು.

ಭಾಷೆಯ ವಿಷಯ ನನಗೆ ಬರೀ ತಮಾಷೆಯದ್ದಲ್ಲ. ನನ್ನ ತಂದೆಯವರಿಗೆ ತುಳು ಬಿಟ್ಟು ಬೇರೆ ಮಾತು ಸರಿಯಾಗಿ ಬಾರದು, ಓದು ಬರಹ ಇಲ್ಲ. ನಾನು ಹುಟ್ಟುವ ಮೊದಲು ಪರಿಚಯದವರೊಬ್ಬರ ಸಾಲಕ್ಕೆಂದು ಒಂದು ಇಂಗ್ಲಿಷ್ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಬರೀ ಸಾಕ್ಷಿ ಎಂದು ತಿಳಿದಿದ್ದರು, ಅದು ಜಾಮೀನು. ಓದಿ ಹೇಳುವವರು ಅಲ್ಲಿ ಇರಲಿಲ್ಲವೋ, ಹೇಳುವ ಮನಸ್ಸು ಇರಲಿಲ್ಲವೋ, ದೇವರಿಗೇ ಗೊತ್ತು. ನಮ್ಮ ಬೈಲುಗದ್ದೆಯ ಒಂದು ತುಂಡು ಹೋಯಿತು. ಆದ್ದರಿಂದ ನಾಲ್ಕು ಭಾಷೆ ಬಲ್ಲವರನ್ನು ಕಂಡರೆ ನಮ್ಮ ಮನೆಯಲ್ಲಿ ಮೊದಲಿಂದಲೂ ದೊಡ್ಡ ಗೌರವ. ಗೋವಿಂದ ಪೈಗಳಿಗೆ ನಾಲ್ಕಲ್ಲ, 22 ಭಾಷೆ ಬರುತ್ತಿತ್ತು ಎನ್ನುತ್ತಾರೆ. ಕೆಲವರು 25 ಎಂದೂ ಹೇಳುವುದುಂಟು.

ಪೈಗಳು ಹುಟ್ಟಿದ್ದು 1883ನೇ ಇಸವಿ ಮಾರ್ಚ್ 23ರಂದು, ಮಂಜೇಶ್ವರದಲ್ಲಿ, ತಾಯಿಯ ತವರುಮನೆಯಲ್ಲಿ. ತಂದೆ ತಿಮ್ಮಪ್ಪ ಪೈಗಳು ಮಂಗಳೂರಿನ ಸಾಹುಕಾರರು. ಅದೆಲ್ಲ ಆಗ ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ. ಮನೆಮಾತು ಕೊಂಕಣಿ. ಅಂಗಳಕ್ಕೆ ಇಳಿದರೆ ತುಳು. ಶಾಲೆಯಲ್ಲಿ ಕನ್ನಡ. ಸಂತೆಗೆ ಹೋದರೆ ಮಲಯಾಳ. ಕುಡಿಯುವ ನೀರನ್ನೇ ತೆಗೆದುಕೊಳ್ಳಿ, ಮನೆಯೊಳಗೆ ಅದು ಉದ್ದಾಕ, ಹೊರಗೆ ನೀರ್, ಸ್ವಲ್ಪ ತೆಂಕಲಿಗೆ ನಡೆದರೆ ವೆಳ್ಳಂ. ಅಂಥ ಊರಿನ ಮಕ್ಕಳು ಯಾರೂ ಕಲಿಸದೆಯೇ ಮೂರು ನಾಲ್ಕು ಭಾಷೆ ಆಡುತ್ತಾರೆ. ನಾವೂ ಆಡುತ್ತೇವೆ. ಅದರಲ್ಲಿ ಪೈಗಳ ಹೆಚ್ಚುಗಾರಿಕೆ ಏನಿಲ್ಲ. ಹೆಚ್ಚುಗಾರಿಕೆ ಇರುವುದು ಅವರು ಅಲ್ಲಿಗೇ ನಿಲ್ಲಲಿಲ್ಲ ಎಂಬುದರಲ್ಲಿ.

ಮಂಗಳೂರಿನಲ್ಲಿ ಓದುವಾಗ ಪಂಜೆ ಮಂಗೇಶರಾಯರು ಅವರಿಗೆ ಗುರುಗಳು. ಮುಂದೆ ಬಿ.ಎ. ಓದಲು ಮದ್ರಾಸಿಗೆ ಹೋದರು. ಪರೀಕ್ಷೆಯ ಹೊತ್ತಿಗೇ ತಂದೆಯವರ ವಿಷಯವಾಗಿ ಊರಿಂದ ಕರೆ ಬಂದು, ಪರೀಕ್ಷೆ ಅರ್ಧದಲ್ಲಿ ಬಿಟ್ಟು ಬರಬೇಕಾಯಿತು. ಮನೆಯ ಜವಾಬ್ದಾರಿ ಹೆಗಲಿಗೆ ಬಿತ್ತು. ಬರೆದ ಇಂಗ್ಲಿಷಿಗೆ ಚಿನ್ನದ ಪದಕ ಬಂತು, ಡಿಗ್ರಿ ಮಾತ್ರ ಬರಲಿಲ್ಲ. ನಮ್ಮಲ್ಲಿಯೂ ಗದ್ದೆ ತೋಟದ ಕಾರಣಕ್ಕೆ ಶಾಲೆ ಬಿಟ್ಟವರು ಬೇಕಾದಷ್ಟು ಜನ ಇದ್ದೇವೆ, ಆದರೆ ನಾವು ಪುಸ್ತಕವನ್ನೂ ಅಲ್ಲಿಗೇ ಬಿಟ್ಟೆವು. ಪೈಗಳು ಮಂಜೇಶ್ವರದ ಮನೆಯಲ್ಲಿ ಕೂತು, ಕಾಲೇಜಿಲ್ಲದ ಊರಿನಲ್ಲಿ, ಪುಸ್ತಕ ತರಿಸಿ ತರಿಸಿ ಓದಿದರು. ಸಂಸ್ಕೃತ, ತಮಿಳು, ತೆಲುಗು, ಮರಾಠಿ, ಬಂಗಾಳಿ ಹೀಗೆ ನಮ್ಮ ದೇಶದವು. ಬೌದ್ಧರ ಗ್ರಂಥಗಳಿಗೆ ಪಾಲಿ ಬೇಕು, ಜೈನರದ್ದಕ್ಕೆ ಪ್ರಾಕೃತ ಬೇಕು, ಅದನ್ನೂ ಕಲಿತರು. ಹೊರದೇಶದ್ದರಲ್ಲಿ ಗ್ರೀಕ್, ಲ್ಯಾಟಿನ್, ಫ್ರೆಂಚ್, ಜರ್ಮನ್ ಹೆಸರು ಹೇಳುತ್ತಾರೆ. ಇವೆಲ್ಲ ನಮ್ಮ ತುಳುವಿನ ಹಾಗೆ ಬಾಯಿಗೆ ಬಂದ ಭಾಷೆಗಳಲ್ಲ, ಕಣ್ಣಿನಿಂದ ಕಲಿತವು. ಮಂಜೇಶ್ವರದ ಪೇಟೆಯಲ್ಲಿ ಪಾಲಿ ಮಾತಾಡುವವರು ಯಾರಿದ್ದರು ಹೇಳಿ.

ಕಲಿತದ್ದನ್ನು ಏನು ಮಾಡಿದರು ಎಂದು ಕೇಳಬಹುದು. ಅವರು ಮೊದಲಿಗೆ ಕವಿ. ಹಿಂದೆ ಕನ್ನಡದ ಪದ್ಯದಲ್ಲಿ ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಇರಬೇಕೆಂಬ ಕಟ್ಟುನಿಟ್ಟು ಇತ್ತು. 1911ರಲ್ಲಿ ಅವರು ಆ ಪ್ರಾಸವನ್ನು ಬಿಟ್ಟು ಬರೆದರು. ಬೇಲಿ ಮುರಿದ ಎಂದು ಹಳಬರು ಆಕ್ಷೇಪಿಸಿದರು, ಆದರೆ ಆಮೇಲೆ ಬಂದವರೆಲ್ಲ ಆ ದಾರಿಯಲ್ಲಿಯೇ ನಡೆದರು. 1930ರಲ್ಲಿ ಗಿಳಿವಿಂಡು ಎಂಬ ಕವನ ಸಂಗ್ರಹ ಬಂತು. ಯೇಸುವಿನ ಕೊನೆಯ ದಿನದ ಬಗ್ಗೆ ಗೊಲ್ಗೊಥಾ, ಬುದ್ಧನ ಕೊನೆಯ ದಿನದ ಬಗ್ಗೆ ವೈಶಾಖಿ, ಏಕಲವ್ಯನ ಮೇಲೆ ಹೆಬ್ಬೆರಳು ಎಂಬ ನಾಟಕ. ಜಪಾನಿನ ನೋ ನಾಟಕಗಳನ್ನೂ ಕನ್ನಡಕ್ಕೆ ತಂದರು. ಅವರ ಕನ್ನಡ ಸ್ವಲ್ಪ ಗಟ್ಟಿ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಗೊಲ್ಗೊಥಾ ಓದಲು ನಾನು ಮೂರು ಸಲ ಕೂತು ಮೂರು ಸಲ ಎದ್ದಿದ್ದೇನೆ.

ನನಗೆ ಹೆಚ್ಚು ರುಚಿಸಿದ್ದು ಅವರ ಇತಿಹಾಸದ ಕೆಲಸ. ಶ್ರವಣಬೆಳಗೊಳದ ಗೊಮ್ಮಟನ ಪ್ರತಿಷ್ಠೆ ಯಾವ ದಿನ ಆಯಿತೆಂದು ಹಳೆಯ ಗ್ರಂಥಗಳ ತಿಥಿ ನಕ್ಷತ್ರ ಹಿಡಿದು ಪಂಚಾಂಗದ ಲೆಕ್ಕ ಹಾಕಿ, 981ನೇ ಇಸವಿ ಮಾರ್ಚ್ 13 ಎಂದರು. ಎಲ್ಲ ಪಂಡಿತರೂ ಒಪ್ಪಿದರೆಂದಲ್ಲ, ಆದರೆ ಸಾವಿರ ವರ್ಷದ ಮಹಾಮಸ್ತಕಾಭಿಷೇಕ 1981ರಲ್ಲಿಯೇ ನಡೆಯಿತು.

ಇನ್ನೊಂದು ಇನ್ನೂ ಸ್ವಾರಸ್ಯದ್ದು. ಈಜಿಪ್ಟ್ ದೇಶದ ಹಳೆಯ ಕಸದ ರಾಶಿಯಲ್ಲಿ ಗ್ರೀಕ್ ಭಾಷೆಯ ಒಂದು ನಗೆನಾಟಕದ ಹಾಳೆ ಸಿಕ್ಕಿ 1903ರಲ್ಲಿ ಅಚ್ಚಾಯಿತು. ಸುಮಾರು 1,800 ವರ್ಷ ಹಿಂದಿನದ್ದು. ಕಥೆ ಇಷ್ಟೆ: ಹಿಂದೂಸ್ಥಾನದ ಸಮುದ್ರ ತೀರದ ಒಬ್ಬ ರಾಜನ ಕೈಯಲ್ಲಿ ಗ್ರೀಕ್ ಹುಡುಗಿಯೊಬ್ಬಳು ಸಿಕ್ಕಿಬಿದ್ದಿರುತ್ತಾಳೆ. ಅವಳ ಕಡೆಯವರು ಹಡಗಿನಲ್ಲಿ ಬಂದು, ರಾಜನಿಗೂ ಅವನ ಜನರಿಗೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ, ಅಮಲೇರಿದ ಮೇಲೆ ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಆ ರಾಜ ಆಡುವ ಮಾತು ಗ್ರೀಕ್ ಅಲ್ಲ. ಹಾಗಾದರೆ ಯಾವುದು? ಹುಲ್ಟ್ಶ್ ಎಂಬ ಜರ್ಮನ್ ವಿದ್ವಾಂಸರು ಅದು ಕನ್ನಡ ಎಂದರು. ಪೈಗಳು ಅದನ್ನು ಅಕ್ಷರ ಅಕ್ಷರ ಬಿಡಿಸಿ ನೋಡಿ ಕನ್ನಡವೆಂದೇ ವಾದಿಸಿ, ಅದರಲ್ಲಿ ಬರುವ ಒಂದು ಹೆಸರನ್ನು ನಮ್ಮ ಉಡುಪಿ ಹತ್ತಿರದ ಮಲ್ಪೆಗೆ ಸೇರಿಸಿದರು. ಆಮೇಲೆ ಬಂದ ಕೆಲವರು ಅದು ಕನ್ನಡ ಅಲ್ಲ ತುಳು ಎಂದರು, ಇನ್ನು ಕೆಲವರು ಅದು ಯಾವ ಭಾಷೆಯೂ ಅಲ್ಲ, ನಗಿಸಲಿಕ್ಕೆ ಮಾಡಿದ ಗದ್ದಲ ಎಂದರು. ತೀರ್ಮಾನ ಆಗಿಲ್ಲ. ತುಳುವರಿಗೆ ಮಲ್ಪು ಅಂದರೆ ಮಾಡು ಎಂದರ್ಥ, ಹಾಗಾಗಿ ನನ್ನ ಓಟು ಯಾವ ಕಡೆಗೆ ಎಂದು ಬೇರೆ ಹೇಳಬೇಕಾಗಿಲ್ಲ!

1949ರಲ್ಲಿ ಮದ್ರಾಸು ಸರಕಾರ ಅವರಿಗೆ ರಾಷ್ಟ್ರಕವಿ ಎಂಬ ಬಿರುದು ಕೊಟ್ಟಿತು. 1951ರಲ್ಲಿ ಮುಂಬಯಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಇದಾಗಿ ಐದು ವರ್ಷಕ್ಕೆ, 1956 ನವೆಂಬರ್ 1ರಂದು, ಭಾಷೆಯ ಮೇಲೆ ರಾಜ್ಯಗಳನ್ನು ವಿಂಗಡಿಸಿದಾಗ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಮಂಜೇಶ್ವರವೂ ಹೋಯಿತು. ಕನ್ನಡದ ರಾಷ್ಟ್ರಕವಿಯ ಮನೆಯೇ ಕನ್ನಡ ನಾಡಿನ ಹೊರಗೆ ಉಳಿಯಿತು. ಆಗ ಅವರಿಗೆ 73 ವರ್ಷ. ಕೊನೆಯವರೆಗೂ ಆ ನೋವು ಅವರಿಗೆ ಹೋಗಲಿಲ್ಲ.

ಇಲ್ಲಿ ಒಂದು ಮಾತು ಗಮನಿಸಬೇಕು. ಅವರಿಗೆ ಮಲಯಾಳ ಬರುತ್ತಿರಲಿಲ್ಲ ಎಂದಲ್ಲ, ಬರುತ್ತಿತ್ತು. ಮಲಯಾಳದ ಮೇಲೆ ದ್ವೇಷವೂ ಅಲ್ಲ, 20ಕ್ಕೂ ಹೆಚ್ಚು ಭಾಷೆ ಪ್ರೀತಿಯಿಂದ ಕಲಿತವರಿಗೆ ಇನ್ನೊಂದು ಭಾಷೆಯ ಮೇಲೆ ಎಂಥ ಸಿಟ್ಟು. ನನಗೆ ತೋರುವುದು ಹೀಗೆ. ನಾವಾಗಿ ಒಂದು ಭಾಷೆ ಕಲಿಯುವುದು ಬೇರೆ, ತಾಲೂಕು ಕಚೇರಿಯ ಕಾಗದ ಗೊತ್ತಿಲ್ಲದ ಭಾಷೆಯಲ್ಲಿ ಬಂದು ಎದುರಿಗೆ ಕೂರುವುದು ಬೇರೆ. ಪೈಗಳಂಥ ಪಂಡಿತರು ಹೇಗೂ ಓದಿಕೊಂಡಾರು. ನನ್ನ ತಂದೆಯಂಥವರು ಏನು ಮಾಡಬೇಕು? ಗಡಿಯಿಂದ ಆಚೆಗೆ ಹೆಣ್ಣು ಕೊಟ್ಟವರು, ತಂದವರು ನಮ್ಮ ಸಂಘದಲ್ಲಿಯೇ ಎಷ್ಟೋ ಮಂದಿ ಇದ್ದೀರಿ, ಇದು ನಿಮಗೆ ನನಗಿಂತ ಹೆಚ್ಚು ಗೊತ್ತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಬಡಗಿನ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು. ಅದು ಕಾಗದದಲ್ಲಿಯೇ ಉಳಿಯಿತು. ಅದನ್ನು ನೋಡಲು ಪೈಗಳು ಇರಲಿಲ್ಲ, 1963 ಸೆಪ್ಟೆಂಬರ್ 6ರಂದೇ ತೀರಿಕೊಂಡಿದ್ದರು.

ಅವರ ಸಾವಿರಾರು ಪುಸ್ತಕಗಳು ಉಡುಪಿಯ ಎಂ.ಜಿ.ಎಂ. ಕಾಲೇಜಿಗೆ ಬಂದವು. ಅಲ್ಲಿಯೇ ಅವರ ಹೆಸರಿನ ಸಂಶೋಧನ ಕೇಂದ್ರ ಉಂಟು. ಆ ಕೇಂದ್ರದಲ್ಲಿ 1979ರಲ್ಲಿ ತುಳು ನಿಘಂಟಿನ ಕೆಲಸ ಸುರುವಾಗಿ, 1988ರಿಂದ 1997ರ ಒಳಗೆ ಆರು ಸಂಪುಟ ಹೊರಬಂದವು. ಅದಕ್ಕಾಗಿ ಊರೂರು ತಿರುಗಿ, ಬೇರೆ ಬೇರೆ ಜಾತಿ ಸಮುದಾಯದವರ ಬಾಯಿಂದ ಕೇಳಿ ಶಬ್ದ ಸೇರಿಸಿದರು. ತಲೆಗೆ ಒಂದು ಕಡೆ ತರೆ, ಇನ್ನೊಂದು ಕಡೆ ಸರೆ, ಮತ್ತೊಂದು ಕಡೆ ಹರೆ. ಯಾವುದು ಶುದ್ಧ ಯಾವುದು ಹೊಲಸು ಎಂದು ನೋಡದೆ ಎಲ್ಲವನ್ನೂ ಬರೆದುಕೊಂಡರು. ನಮ್ಮ ಮನೆಯಲ್ಲಿ ಅಜ್ಜಿಯ ತುಳು ಮೊಮ್ಮಕ್ಕಳಿಗೆ ಅರ್ಥವಾಗದೆ ನಾನು ನಡುವೆ ಕೂತು ದುಭಾಷಿ ಮಾಡುವ ಹಾಗಾಗಿದೆ, ಆದ್ದರಿಂದ ಆ ಆರು ಸಂಪುಟಗಳ ಬೆಲೆ ನನಗೆ ಗೊತ್ತು.

ನಮ್ಮ ಸಂಘದಲ್ಲಿ ಈಗ ಸಾಲದ ಕಾಗದಕ್ಕೆ ಸಹಿ ಹಾಕಿಸುವ ಮೊದಲು ಸದಸ್ಯರ ಮಾತಿನಲ್ಲಿಯೇ ಓದಿ ಹೇಳುವ ಕ್ರಮ ಉಂಟು. ಸಹಿ ತಡವಾಗುತ್ತದೆಂದು ಗೊಣಗುವವರು ಸ್ವಲ್ಪ ಸೈರಿಸಬೇಕು.

ಮಂಜೇಶ್ವರದಲ್ಲಿ ಪೈಗಳ ಮನೆಯನ್ನು ಈಗ ಗಿಳಿವಿಂಡು ಎಂಬ ಹೆಸರಿನಲ್ಲಿ ಸ್ಮಾರಕ ಮಾಡಿದ್ದಾರೆ. ತಲಪಾಡಿ ದಾಟಿದರೆ ದೂರವೇನಲ್ಲ. ಬೆಳ್ಳಿಹಬ್ಬದ ಸದಸ್ಯರ ಪ್ರವಾಸಕ್ಕೆ ಆ ಊರಿನ ಹೆಸರನ್ನು ಬರೆದು ಕೊಟ್ಟಿದ್ದೇನೆ. ಆಡಳಿತ ಮಂಡಳಿಯಲ್ಲಿ ಇಬ್ಬರು ಒಪ್ಪಿದ್ದಾರೆ, ಉಳಿದವರು ಊಟದ ವ್ಯವಸ್ಥೆ ಎಲ್ಲಿ ಎಂದು ಕೇಳುತ್ತಾ ಇದ್ದಾರೆ.