ಜಪಾನಿನ ಗಿಡ ತಂದ ವೈದ್ಯ ಸೀಬೋಲ್ಡ್

ಮಕ್ಕಳೇ, ದಾಸವಾಳದ ಒಂದು ಕಡ್ಡಿಯನ್ನು ಮುರಿದು ಮಣ್ಣಿನಲ್ಲಿ ನೆಟ್ಟರೆ ಅದು ಚಿಗುರುತ್ತದೆ ಎಂಬುದು ನಿಮಗೆ ಗೊತ್ತು. ಅದಕ್ಕೆ ಬೀಜ ಬೇಕಿಲ್ಲ. ಹೊಸ ಗಿಡವೆಂದರೆ ಹಳೆಯ ಗಿಡದ್ದೇ ಒಂದು ತುಂಡು. ಹೀಗೆ ಒಂದೇ ಗಿಡದ ತುಂಡುಗಳು ಇಡೀ ದೇಶಕ್ಕೆ ಹರಡಿ ಹೊಳೆಯ ದಂಡೆ, ರೈಲು ಹಳಿಯ ಬದಿ, ಮನೆಯ ಅಂಗಳಗಳನ್ನೆಲ್ಲ ಆಕ್ರಮಿಸಿದರೆ ಹೇಗಿರುತ್ತದೆ? ಬ್ರಿಟನ್ನಿನಲ್ಲಿ ಹಾಗೆಯೇ ಆಗಿದೆ. ಆ ಗಿಡವನ್ನು ಜಪಾನಿನಿಂದ ಯೂರೋಪಿಗೆ ತಂದವನು ಫಿಲಿಪ್ ಫ್ರಾಂಟ್ಸ್ ಫಾನ್ ಸೀಬೋಲ್ಡ್ ಎಂಬ ವೈದ್ಯ.

ಸೀಬೋಲ್ಡ್ ಹುಟ್ಟಿದ್ದು 1796ರಲ್ಲಿ, ಜರ್ಮನಿಯ ವುರ್ಟ್ಸ್‌ಬರ್ಗ್ ಪಟ್ಟಣದಲ್ಲಿ. ಅವನದು ವೈದ್ಯರ ಮನೆತನ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ. 1820ರಲ್ಲಿ ವೈದ್ಯನಾಗಿ ಓದು ಮುಗಿಸಿದರೂ ಊರಿನಲ್ಲಿ ನಿಲ್ಲಲು ಅವನಿಗೆ ಮನಸ್ಸಾಗಲಿಲ್ಲ. ದೂರದ ದೇಶಗಳ ಗಿಡಮರಗಳನ್ನು ನೋಡುವ ಆಸೆ. ಡಚ್ಚರ ಸೈನ್ಯದಲ್ಲಿ ವೈದ್ಯನಾಗಿ ಸೇರಿ, ಈಗ ಜಕಾರ್ತಾ ಎನ್ನುವ ಬಟಾವಿಯಾಕ್ಕೆ ಹೋದ. ಅಲ್ಲಿಂದ 1823ರಲ್ಲಿ ಅವನನ್ನು ಜಪಾನಿಗೆ ಕಳುಹಿಸಿದರು.

ಆಗಿನ ಜಪಾನ್ ಬಾಗಿಲು ಮುಚ್ಚಿಕೊಂಡಿದ್ದ ದೇಶ. ಯೂರೋಪಿನವರಲ್ಲಿ ಡಚ್ಚರಿಗೆ ಮಾತ್ರ ಅಲ್ಲಿ ವ್ಯಾಪಾರಕ್ಕೆ ಅನುಮತಿಯಿತ್ತು. ಅದೂ ನಾಗಸಾಕಿ ಬಂದರಿನ ದೆಜಿಮಾ ಎಂಬ ಪುಟ್ಟ ದ್ವೀಪದಲ್ಲಿ. ಮಣ್ಣು ತುಂಬಿ ಕಟ್ಟಿದ, ಬೀಸಣಿಗೆಯ ಆಕಾರದ ಈ ದ್ವೀಪದ ಉದ್ದ ಸುಮಾರು 120 ಮೀಟರ್, ಅಗಲ ಸುಮಾರು 75 ಮೀಟರ್. ನಿಮ್ಮಲ್ಲಿ ಕೆಲವರ ಶಾಲೆಯ ಮೈದಾನವೇ ಅದಕ್ಕಿಂತ ದೊಡ್ಡದಿರಬಹುದು! ಜರ್ಮನಿಯವನಾದ ಸೀಬೋಲ್ಡನ ಡಚ್ ಮಾತು ಸ್ವಲ್ಪ ಬೇರೆಯಾಗಿ ಕೇಳಿಸಿ ಜಪಾನಿನ ದುಭಾಷಿಗಳಿಗೆ ಅನುಮಾನ ಬಂತಂತೆ. ಆಗ ಅವನು ತಾನು ಬೆಟ್ಟದ ಕಡೆಯ ಡಚ್ಚನೆಂದು ಹೇಳಿ ಪಾರಾದನೆಂಬ ಕಥೆಯಿದೆ. ಡಚ್ಚರ ನಾಡಿನಲ್ಲಿ ಬೆಟ್ಟವೇ ಇಲ್ಲವೆಂಬುದು ದುಭಾಷಿಗಳಿಗೆ ಗೊತ್ತಿರಲಿಲ್ಲ.

ಸೀಬೋಲ್ಡ್ ಒಳ್ಳೆಯ ವೈದ್ಯನೆಂದು ಬೇಗ ಹೆಸರಾಯಿತು. 1824ರಲ್ಲಿ ದ್ವೀಪದ ಹೊರಗೆ ನಾರುತಾಕಿ ಎಂಬಲ್ಲಿ ಶಾಲೆ ತೆರೆಯಲು ಅವನಿಗೆ ಅನುಮತಿ ಸಿಕ್ಕಿತು. ಜಪಾನಿನ ಮೂಲೆಮೂಲೆಯಿಂದ ಯುವಕರು ವೈದ್ಯ ಕಲಿಯಲು ಬಂದರು. ರೋಗಿಗಳಿಂದ ಅವನು ಹಣ ಕೇಳುತ್ತಿರಲಿಲ್ಲ. ಅವರು ಪ್ರೀತಿಯಿಂದ ಕೊಟ್ಟ ಗಿಡ, ಬೀಜ, ಪಾತ್ರೆ, ಚಿತ್ರಗಳನ್ನು ಕೂಡಿಡುತ್ತಿದ್ದ. ದೆಜಿಮಾದಲ್ಲಿ ಗಿಡಗಳ ತೋಟವನ್ನೇ ಮಾಡಿದ. ಕುಸುಮೊತೊ ತಾಕಿ ಎಂಬ ಜಪಾನೀ ಮಹಿಳೆಯೊಡನೆ ಸಂಸಾರ ಹೂಡಿದ. 1827ರಲ್ಲಿ ಇನೆ ಎಂಬ ಮಗಳು ಹುಟ್ಟಿದಳು.

ಮರುವರ್ಷವೇ ಕಷ್ಟ ಬಂತು. 1826ರಲ್ಲಿ ರಾಜಧಾನಿ ಎಡೊಗೆ ಹೋಗಿದ್ದಾಗ ಸರ್ಕಾರದ ಖಗೋಳಜ್ಞ ತಕಹಾಶಿ ಕಗೆಯಾಸು ಎಂಬವನ ಸ್ನೇಹವಾಗಿತ್ತು. ಅವನು ಸೀಬೋಲ್ಡನಿಗೆ ಜಪಾನಿನ ನಕ್ಷೆಗಳನ್ನು ಕೊಟ್ಟಿದ್ದ. ವಿದೇಶೀಯರಿಗೆ ನಕ್ಷೆ ಕೊಡುವುದು ಅಲ್ಲಿ ದೊಡ್ಡ ಅಪರಾಧ. 1828ರಲ್ಲಿ ವಿಷಯ ಬಯಲಾಯಿತು. ತಕಹಾಶಿ ಸೆರೆಮನೆಯಲ್ಲೇ ಸತ್ತ. ಗೂಢಚಾರನೆಂಬ ಆರೋಪ ಹೊತ್ತ ಸೀಬೋಲ್ಡನಿಗೆ 1829ರಲ್ಲಿ ದೇಶಭ್ರಷ್ಟ ಶಿಕ್ಷೆಯಾಯಿತು. ಎರಡು ವರ್ಷದ ಮಗಳನ್ನೂ ತಾಕಿಯನ್ನೂ ಅಲ್ಲೇ ಬಿಟ್ಟು ಅವನು ಹಡಗು ಹತ್ತಬೇಕಾಯಿತು.

ಹಾಲೆಂಡಿನ ಲೈಡನ್ ನಗರದಲ್ಲಿ ನೆಲೆಸಿದ ಸೀಬೋಲ್ಡ್ ಜಪಾನಿನ ಬಗ್ಗೆ ದೊಡ್ಡ ದೊಡ್ಡ ಗ್ರಂಥಗಳನ್ನು ಬರೆದ. ಹೈಡ್ರಾಂಜಿಯ ಎಂಬ ಚೆಂದದ ಹೂಗಿಡವೊಂದಕ್ಕೆ ಒತಕ್ಸಾ ಎಂದು ಹೆಸರಿಟ್ಟ. ಇದು ಒತಾಕಿಸಾನ್, ಅಂದರೆ ತಾಕಿಯನ್ನು ಗೌರವದಿಂದ ಕರೆಯುವ ಹೆಸರು! ಜಪಾನಿನ ಗಿಡಗಳನ್ನು ಬೆಳೆಸಿ ಮಾರಲು ಸಸ್ಯಕ್ಷೇತ್ರವನ್ನೂ ಮಾಡಿದ. ಅಲ್ಲಿದ್ದ ಗಿಡಗಳಲ್ಲಿ ಒಂದು ನಾಟ್‌ವೀಡ್. ಜಪಾನೀಯರು ಅದನ್ನು ಇಟಡೋರಿ ಎನ್ನುತ್ತಾರೆ. ಬಿದಿರಿನಂತೆ ಗೆಣ್ಣುಳ್ಳ ಟೊಳ್ಳು ಕಾಂಡ, ಅಗಲವಾದ ಎಲೆ, ಬಿಳಿಯ ಹೂಗೊಂಚಲು. ದನಗಳಿಗೆ ಮೇವಾಗುತ್ತದೆ, ಮರಳು ಜಾರದಂತೆ ಹಿಡಿಯುತ್ತದೆ ಎಂಬ ಹೊಗಳಿಕೆ ಬೇರೆ. 1847ರಲ್ಲಿ ಉಟ್ರೆಕ್ಟ್ ನಗರದ ತೋಟಗಾರಿಕೆ ಸಂಘ ಅದಕ್ಕೆ ಚಿನ್ನದ ಪದಕ ಕೊಟ್ಟಿತು. 1850ರಲ್ಲಿ ಸೀಬೋಲ್ಡ್ ಕಳುಹಿಸಿದ ಗಿಡಗಳ ಒಂದು ಕಟ್ಟು ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಬಂತು. ಅದರಲ್ಲಿ ನಾಟ್‌ವೀಡ್ ಇತ್ತು.

ದೇಶಭ್ರಷ್ಟ ಶಿಕ್ಷೆ ರದ್ದಾದ ಮೇಲೆ, 1859ರಲ್ಲಿ ಸೀಬೋಲ್ಡ್ ಮತ್ತೆ ನಾಗಸಾಕಿಗೆ ಹೋದ. ಎತ್ತಿ ಆಡಿಸಿದ್ದ ಮಗು ಈಗ ಮೂವತ್ತು ದಾಟಿದ ಹೆಂಗಸು. ಅಪ್ಪನ ಶಿಷ್ಯರ ಬಳಿಯೇ ವೈದ್ಯ ಕಲಿತಿದ್ದ ಇನೆಯನ್ನು ಪಾಶ್ಚಾತ್ಯ ವೈದ್ಯ ಕಲಿತ ಜಪಾನಿನ ಮೊದಲ ಮಹಿಳೆಯೆಂದು ಇಂದು ನೆನೆಯುತ್ತಾರೆ. ಸೀಬೋಲ್ಡ್ ಯೂರೋಪಿಗೆ ಹಿಂದಿರುಗಿ 1866ರಲ್ಲಿ ಮ್ಯೂನಿಕ್ಕಿನಲ್ಲಿ ತೀರಿಕೊಂಡ. ತನ್ನ ಚಿನ್ನದ ಪದಕದ ಗಿಡ ಮುಂದೆ ಏನು ಮಾಡಲಿದೆಯೆಂದು ಅವನಿಗೆ ತಿಳಿದಿರಲಿಲ್ಲ.

ಜಪಾನಿನಲ್ಲಿ ಇಟಡೋರಿ ಫೂಜಿ ಪರ್ವತದಂಥ ಜ್ವಾಲಾಮುಖಿಗಳ ಬೂದಿ, ಕಲ್ಲುಗಳ ನಡುವೆಯೂ ಮೇಲೇಳುವ ಗಟ್ಟಿ ಗಿಡ. ಆದರೆ ಅಲ್ಲಿ ಅದನ್ನು ತಿನ್ನುವ ಹುಳುಗಳಿವೆ, ಅದಕ್ಕೆ ರೋಗ ತರುವ ಶಿಲೀಂಧ್ರಗಳಿವೆ. ಯೂರೋಪಿನಲ್ಲಿ ಅವು ಇರಲಿಲ್ಲ. ನಮ್ಮ ಕಾಡಿನಂಚಿನಲ್ಲಿ ಹಬ್ಬಿರುವ ಲಂಟಾನವೂ ಅಂದಕ್ಕೆಂದು ಹೊರದೇಶದಿಂದ ತಂದ ಗಿಡವೇ. ನಾಟ್‌ವೀಡ್ ಮಣ್ಣಿನೊಳಗಿನ ತನ್ನ ಕಾಂಡದ ಉಗುರಿನಷ್ಟು ತುಂಡಿನಿಂದಲೂ ಚಿಗುರಬಲ್ಲದು. ಅಗೆದು ಎಸೆದ ಮಣ್ಣಿನೊಡನೆ, ಹೊಳೆಯ ನೀರಿನೊಡನೆ ಅದು ಊರೂರು ತಿರುಗಿತು. ಡಾಂಬರಿನ ಬಿರುಕುಗಳಲ್ಲಿ ಮೇಲೆ ಬಂತು. 1981ರಲ್ಲಿ ಬ್ರಿಟನ್ ಅದನ್ನು ಬಯಲಿನಲ್ಲಿ ನೆಡಬಾರದೆಂದು ಕಾನೂನು ಮಾಡಿತು.

2000ದಲ್ಲಿ ವಿಜ್ಞಾನಿಗಳು ಬ್ರಿಟನ್ನಿನ ಬೇರೆ ಬೇರೆ ಊರುಗಳ ನಾಟ್‌ವೀಡ್‌ಗಳ ಜೀನ್‌ಗಳನ್ನು ಹೋಲಿಸಿದರು. ಎಲ್ಲವೂ ಒಂದೇ! ಬ್ರಿಟನ್ನಿನ ತುಂಬ ಇರುವುದು ಒಂದೇ ಗಿಡದ ತುಂಡುಗಳು.

ಇಲ್ಲಿ ಒಂದು ಒಗಟು ಇದೆ. ಸಾಮಾನ್ಯವಾಗಿ ಗಿಡಗಳಲ್ಲಿ ಜೀನ್‌ಗಳ ವ್ಯತ್ಯಾಸವಿದ್ದರೆ ಕೆಲವು ಉಪ್ಪು ನೆಲಕ್ಕೂ ಕೆಲವು ಒಣ ನೆಲಕ್ಕೂ ಹೊಂದಿಕೊಳ್ಳುತ್ತವೆ. ವ್ಯತ್ಯಾಸವೇ ಇಲ್ಲದ, ಇಲ್ಲವೇ ತೀರ ಕಡಿಮೆಯಿರುವ ಗಿಡ ಅಷ್ಟು ಬಗೆಯ ಜಾಗಗಳಲ್ಲಿ ಬೆಳೆಯುವುದು ಹೇಗೆ? ಅಮೆರಿಕದ ಲಾಂಗ್ ಐಲೆಂಡಿನಲ್ಲಿ ಸಮುದ್ರದಂಡೆ, ಉಪ್ಪು ಜೌಗು, ರಸ್ತೆಬದಿ ಮೂರೂ ಕಡೆ ಈ ಕಳೆ ಇದೆ. 2012ರಲ್ಲಿ ಅದರ ಅಧ್ಯಯನ ಪ್ರಕಟವಾಯಿತು. ಅಲ್ಲಿಯೂ ಜೀನ್‌ಗಳ ವ್ಯತ್ಯಾಸ ಬಹಳ ಕಡಿಮೆ. ಆದರೆ ಜೀನ್‌ಗಳ ಮೇಲಿನ ಗುರುತುಗಳಲ್ಲಿ ತುಂಬ ವ್ಯತ್ಯಾಸವಿತ್ತು!

ಗುರುತು ಎಂದರೇನು? ಒಂದೇ ಪಠ್ಯಪುಸ್ತಕದ ಎರಡು ಪ್ರತಿಗಳನ್ನು ನೆನೆಯಿರಿ. ಅಕ್ಷರಗಳು ಒಂದೇ. ಒಬ್ಬ ಶಿಕ್ಷಕರು ಮೂರನೆಯ ಪಾಠಕ್ಕೆ ಪೆನ್ಸಿಲ್ಲಿನಿಂದ ಅಡ್ಡಗೆರೆ ಎಳೆದು ಈಗ ಓದಬೇಡಿ ಎನ್ನುತ್ತಾರೆ, ಇನ್ನೊಬ್ಬರು ಏಳನೆಯದಕ್ಕೆ. ಮಕ್ಕಳು ಓದುವುದು ಬೇರೆ ಬೇರೆಯಾಗುತ್ತದೆ. ಜೀವಕೋಶದಲ್ಲಿ ಪೆನ್ಸಿಲ್ ಗೆರೆಯ ಕೆಲಸ ಮಾಡುವುದು ಮೀಥೈಲ್, ಅಂದರೆ ಒಂದು ಕಾರ್ಬನ್ ಮತ್ತು ಮೂರು ಹೈಡ್ರೋಜನ್ ಪರಮಾಣುಗಳ ಗುಂಪು. ಅದು ಡಿಎನ್‌ಎಗೆ ಅಂಟಿಕೊಂಡಾಗ ಅಲ್ಲಿನ ಜೀನ್ ಸುಮ್ಮನಾಗಬಹುದು. ಕಳಚಿದರೆ ಮತ್ತೆ ಕೆಲಸ ಮಾಡಬಹುದು. ಇದರ ಅಧ್ಯಯನವೇ ಎಪಿಜೆನೆಟಿಕ್ಸ್. ತುಂಡಿನಿಂದ ಬೆಳೆದ ಗಿಡಕ್ಕೆ ತಾಯಿಗಿಡದ ಗುರುತುಗಳೂ ಜೊತೆಯಲ್ಲೇ ಬರಬಹುದು. ಲಾಂಗ್ ಐಲೆಂಡಿನಲ್ಲಿ ಕೆಲವು ಗುರುತುಗಳು ದಂಡೆಯ ಗಿಡಗಳಲ್ಲಿ ಒಂದು ಬಗೆ, ರಸ್ತೆಬದಿಯವುಗಳಲ್ಲಿ ಇನ್ನೊಂದು ಬಗೆ ಇದ್ದವು. ಗಿಡ ಬದುಕಿದ್ದು ಆ ಗುರುತುಗಳಿಂದಲೇ ಎಂದು ಇಷ್ಟರಿಂದ ಸಿದ್ಧವಾಗುವುದಿಲ್ಲ. ಅದನ್ನು ವಿಜ್ಞಾನಿಗಳು ಇನ್ನೂ ಪರೀಕ್ಷಿಸುತ್ತಿದ್ದಾರೆ.

ಇತ್ತ 2010ರಲ್ಲಿ ಬ್ರಿಟನ್ ಇನ್ನೊಂದು ಉಪಾಯ ಮಾಡಿತು. ನಾಟ್‌ವೀಡಿನ ರಸ ಹೀರುವ ಒಂದು ಪುಟ್ಟ ಕೀಟವನ್ನು ಜಪಾನಿನಿಂದ ತಂದು ಬಿಟ್ಟಿತು. ಅದನ್ನು ಹಿಡಿದದ್ದು ನಾಗಸಾಕಿ ಇರುವ ಕ್ಯುಶು ದ್ವೀಪದಲ್ಲೇ. ಗಿಡದ ಹಿಂದೆ ಅದರ ಶತ್ರುವನ್ನೂ ಕರೆಸಿದಂತಾಯಿತು, ಅದೂ 160 ವರ್ಷ ತಡವಾಗಿ! ಆದರೆ ಆ ಕೀಟ ಅಲ್ಲಿ ನಿರೀಕ್ಷಿಸಿದಷ್ಟು ನೆಲೆಯೂರಲಿಲ್ಲ.