ದೇವರ ಫೋಟೊದ ಮೂಲೆಯಲ್ಲಿರುವ ಸಹಿ: ಕಲಬುರಗಿಯ ಎಸ್.ಎಂ. ಪಂಡಿತ್

ಕಲಬುರಗಿ: ರಾಜ್ಯೋತ್ಸವ, ನಾಟಕ, ಪುಸ್ತಕ ಬಿಡುಗಡೆ, ಸಂಘದ ವಾರ್ಷಿಕೋತ್ಸವ ಏನೇ ಇದ್ದರೂ ಜಿಲ್ಲೆಯ ಜನ ಬಂದು ಸೇರೋದು ಡಾ. ಎಸ್.ಎಂ. ಪಂಡಿತ್ ರಂಗಮಂದಿರಕ್ಕೆ. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಶಾಲೆ ಮಕ್ಕಳು ಅಲ್ಲಿ ಹಾಡಿದ್ದಾರೆ, ಕುಣಿದಿದ್ದಾರೆ, ಬಹುಮಾನ ತಗೊಂಡು ಊರಿಗೆ ಮರಳಿದ್ದಾರೆ. ಆ ಹೆಸರು ಎಲ್ಲರ ಬಾಯಲ್ಲಿದೆ, ಆದರೆ ಆ ಮನುಷ್ಯ ಎಲ್ಲರಿಗೂ ಗೊತ್ತಿಲ್ಲ. ಹೆಸರಲ್ಲಿ ಪಂಡಿತ್ ಇರೋದರಿಂದ ಯಾರೋ ದೊಡ್ಡ ಗಾಯಕರಿರಬೇಕು ಅಂದುಕೊಳ್ಳುವವರೂ ಇದ್ದಾರೆ.

ಅವರು ಚಿತ್ರ ಬರೆಯುವವರು. ಗ್ಯಾಲರಿಯಲ್ಲಿ ತೂಗುಹಾಕುವ ಚಿತ್ರಕ್ಕಿಂತ ಹೆಚ್ಚಾಗಿ ಅಚ್ಚಾಗಿ ಮನೆ ಮನೆಗೆ ಹೋಗುವ ಚಿತ್ರ. ಸಿನಿಮಾ ಪೋಸ್ಟರ್, ಪತ್ರಿಕೆಯ ಮುಖಪುಟ, ಗೋಡೆಯ ಕ್ಯಾಲೆಂಡರ್. ನಮ್ಮ ಕಡೆ ಹಿರಿಯರು ದೇವರ ಫೋಟೊ ಅಂತ ಕರೆದು, ಗಾಜು ಹಾಕಿಸಿ, ಕಟ್ಟು ಕಟ್ಟಿಸಿ ಜಗಲಿ ಮೇಲೆ ಇಟ್ಟುಕೊಂಡ ಚಿತ್ರಗಳಲ್ಲಿ ಎಷ್ಟೋ ಇದೇ ಕೈಯಿಂದ ಬಂದವು.

ಅಕ್ಕಸಾಲಿ ಕೆಲಸದ ನೆರಳಲ್ಲಿ

ಸಾಂಬಾನಂದ ಮೋನಪ್ಪ ಪಂಡಿತ್ ಹುಟ್ಟಿದ್ದು 1916ರ ಮಾರ್ಚ್ 25ರಂದು, ಗುಲಬರ್ಗಾದಲ್ಲಿ. ಊರು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ವಿಶ್ವಕರ್ಮ ಮನೆತನ. ಉಳಿ, ಸುತ್ತಿಗೆ ಹಿಡಿದು ಲೋಹಕ್ಕೆ, ಕಲ್ಲಿಗೆ ರೂಪ ಕೊಡುವವರ ನಡುವೆ ಹುಡುಗ ಬೆಳೆದ. ಕೈಗೆ ಕುಂಚ ಬಂತು.

ಮೊದಲ ಗುರು ಊರಲ್ಲೇ ಸಿಕ್ಕರು. ಕಲಾವಿದ ಶಂಕರರಾವ್ ಆಳಂದಕರ್ ಅವರ ಬಳಿ ಪಂಡಿತ್ ಚಿತ್ರಕಲೆಯ ಪಾಠ ಕಲಿತು, ಮದ್ರಾಸ್ ಕಲಾ ಶಾಲೆಯ ಡಿಪ್ಲೊಮಾ ಪಡೆದರು. ಅಲ್ಲಿಂದ ಮುಂದಕ್ಕೆ ಬಾಂಬೆ.

ಈ ಎರಡೂ ಊರು ಅವರ ಬದುಕಲ್ಲಿ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಬಾಂಬೆ ಕಡೆಯಿಂದ ಬಂದ ಹಳಿ ಮತ್ತು ಮದ್ರಾಸ್ ಕಡೆಯಿಂದ ಬಂದ ಹಳಿ 1871ರಲ್ಲಿ ರಾಯಚೂರಲ್ಲಿ ಕೂಡಿದ್ದವು. ಗುಲಬರ್ಗಾ, ಶಹಾಬಾದ್, ವಾಡಿ ಮೂರೂ ಆ ಮಾರ್ಗದ ಮೇಲಿನ ಊರುಗಳು. ವಾಡಿಯಿಂದ ಕವಲೊಡೆದ ನಿಜಾಮರ ರೈಲು ಚಿತ್ತಾಪುರ, ಸೇಡಂ ಹಾದು ಸಿಕಂದರಾಬಾದಿಗೆ ಹೋಗುತ್ತಿತ್ತು. ಫರ್ಸಿ ಕಲ್ಲು ಹೊರಗೆ ಹೋದದ್ದು ಈ ಹಳಿಗಳ ಮೇಲೆ, ಓದು ಕೆಲಸ ಹುಡುಕಿಕೊಂಡು ಹುಡುಗರು ಹೋದದ್ದೂ ಇದೇ ಹಳಿಗಳ ಮೇಲೆ.

ಬಾಂಬೆಯಲ್ಲಿ ಕನ್ನಡಿಗ ಜಿ.ಎಸ್. ದಂಡಾವತಿಮಠ ಅವರು ನೂತನ ಕಲಾ ಮಂದಿರ ಅಂತ ಚಿತ್ರಶಾಲೆ ನಡೆಸುತ್ತಿದ್ದರು. ಊರು ಬಿಟ್ಟು ಬಂದ ಕನ್ನಡದ ಹುಡುಗರಿಗೆ ಅದೊಂದು ಆಸರೆ. ಪಂಡಿತ್ ಅಲ್ಲಿ ಕಲಿತರು, ಸರ್ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲೂ ಕಲಿತರು. ಎದುರಿಗೆ ಆಳು ನಿಲ್ಲಿಸಿ ಮೈಕಟ್ಟು, ನೆರಳು, ಬೆಳಕು ಅಳೆದು ಬರೆಯುವ ಅಲ್ಲಿನ ಅಭ್ಯಾಸ ಕೊನೆತನಕ ಅವರ ಕೈ ಬಿಡಲಿಲ್ಲ. ಮುಂದೆ ಅವರು ಬರೆದ ದೇವರುಗಳಿಗೂ ಭುಜ, ತೋಳು, ಎದೆ ಎಲ್ಲ ನಿಜವಾದ ಮನುಷ್ಯರದ್ದೇ.

ಸಿನಿಮಾ ಬೆಳಕು

1938ರಲ್ಲಿ ಬಾಂಬೆಯಲ್ಲಿ ಮೆಟ್ರೊ ಚಿತ್ರಮಂದಿರ ಶುರುವಾಯಿತು. ಕಟ್ಟಿಸಿದ್ದು ಹಾಲಿವುಡ್ಡಿನ ಎಂಜಿಎಂ ಕಂಪನಿ. ಟಾಕೀಸಿನ ಒಳಗೆ ಬರುವವರ ಕಣ್ಣಿಗೆ ಬೀಳುವಂತೆ ಇಡುವ ಶೋಕಾರ್ಡುಗಳನ್ನು ಬರೆಯುವ ಕೆಲಸ ಪಂಡಿತ್ ಅವರಿಗೆ ಬಂತು. ಆಗ ವಯಸ್ಸು 22.

ಶೋಕಾರ್ಡ್ ಅಂದರೆ ಸುಲಭದ ಕೆಲಸ ಅಲ್ಲ. ಎರಡು ತಾಸಿನ ಸಿನಿಮಾವನ್ನು ಒಂದೇ ಚೌಕಟ್ಟಿನಲ್ಲಿ ಹೇಳಬೇಕು. ನಾಯಕ ಯಾರು, ನಾಯಕಿ ಯಾರು, ನಗುವ ಕಥೆಯೋ ಅಳುವ ಕಥೆಯೋ ಅನ್ನೋದು ನಡೆದು ಹೋಗುವವನಿಗೆ ಕ್ಷಣದಲ್ಲಿ ತಿಳಿಯಬೇಕು. ವ್ಯಂಗ್ಯಚಿತ್ರ ಬರೆಯುವವರಿಗೆ ಗೊತ್ತಿರುವ ಕಷ್ಟವೇ ಇದು. ಮಾತು ಕಡಿಮೆ, ಜಾಗ ಕಡಿಮೆ, ನೋಡುವವನ ಸಮಯ ಅದಕ್ಕಿಂತ ಕಡಿಮೆ.

ಇದಕ್ಕೆ ಅವರು ಪಳಗಿಸಿಕೊಂಡದ್ದು ಗೋಶ್ ಅನ್ನುವ ಬಣ್ಣ. ನೀರಲ್ಲೇ ಕಲಸಿದರೂ ಸಾದಾ ಜಲವರ್ಣದಂತೆ ಕೆಳಗಿನ ಕಾಗದ ತೋರಿಸುವುದಿಲ್ಲ, ಗಟ್ಟಿಯಾಗಿ ಕೂಡುತ್ತದೆ, ಬೇಗ ಒಣಗುತ್ತದೆ, ಅಚ್ಚಿಗೆ ಕೊಟ್ಟರೆ ಬಣ್ಣ ಎದ್ದು ಕಾಣುತ್ತದೆ. ಹಾಲಿವುಡ್ ಸ್ಟುಡಿಯೊದಲ್ಲಿ ನಟಿಯ ಕೂದಲ ಹಿಂದಿನಿಂದ ಬೀಳುವ ಬೆಳಕು, ಕೆನ್ನೆಯ ಮೇಲಿನ ಹೊಳಪು ಎಲ್ಲವನ್ನೂ ಅವರು ಕುಂಚಕ್ಕೆ ತಂದರು.

ಬಾಬುರಾವ್ ಪಟೇಲ್ 1935ರಲ್ಲಿ ಶುರು ಮಾಡಿದ ಫಿಲ್ಮ್ ಇಂಡಿಯಾ ಆ ಕಾಲದ ಹೆಸರಾಂತ ಸಿನಿಮಾ ಮಾಸಪತ್ರಿಕೆ. ಅದರ ಮುಖಪುಟಗಳಿಗೂ ಪಂಡಿತ್ ಚಿತ್ರ ಬರೆದರು. 1944ರಲ್ಲಿ ಶಿವಾಜಿ ಪಾರ್ಕ್ ಬಳಿ ಸ್ವಂತ ಸ್ಟುಡಿಯೊ ತೆರೆದರು. ಮುಂದೆ ಮರಾಠಿ ನಾಡಿನಲ್ಲಿ ಮನೆಮಾತಾದ ಕಲಾವಿದ ರಘುವೀರ ಮುಳಗಾಂವಕರ್ ಆರಂಭದ ದಿನಗಳಲ್ಲಿ ಕೈ ಪಳಗಿಸಿಕೊಂಡದ್ದು ಪಂಡಿತ್ ಅವರ ಬಳಿಯೇ.

ಟಾಕೀಸಿನಿಂದ ಜಗಲಿಗೆ

ಪಂಡಿತ್ ಅವರ ದೊಡ್ಡ ಕೆಲಸ ಕಾಣೋದು ಇಲ್ಲಿಂದ ಮುಂದೆ. ಸಿನಿಮಾಕ್ಕೆ ಕಲಿತ ಬೆಳಕನ್ನು ಅವರು ಪುರಾಣಕ್ಕೆ ತಂದರು. ರಾಧಾಕೃಷ್ಣ, ನಳ ದಮಯಂತಿ, ವಿಶ್ವಾಮಿತ್ರ ಮೇನಕೆ. ರಾಮಾಯಣ, ಮಹಾಭಾರತದ ಒಂದೊಂದು ಗಳಿಗೆಯನ್ನು ಆರಿಸಿ, ಸಿನಿಮಾದ ಒಂದು ದೃಶ್ಯದಂತೆ ನಿಲ್ಲಿಸಿದರು. ಕೃಷ್ಣನ ನೀಲಿ ಮೈ ಮೇಲೆ ಬೆಳದಿಂಗಳು ಬಿದ್ದಂತೆ ಕಾಣುವ ಆ ಹೊಳಪು ಎಲ್ಲಿಂದ ಬಂತು ಅಂತ ಪೂಜೆ ಮಾಡುವವರು ಯೋಚಿಸಿರಲಿಕ್ಕಿಲ್ಲ. ಟಾಕೀಸಿನ ಶೋಕಾರ್ಡಿನಲ್ಲಿ ಪಳಗಿದ ಹೊಳಪು ಅದು.

ಅವರಿಗಿಂತ ಮುಂಚೆ ಈ ದಾರಿ ತುಳಿದವರು ರಾಜಾ ರವಿವರ್ಮ. 1894ರಲ್ಲಿ ಬಾಂಬೆಯಲ್ಲಿ ಅಚ್ಚುಕೂಟ ಹಾಕಿ ಲಕ್ಷ್ಮಿ, ಸರಸ್ವತಿಯರನ್ನು ಬಡವರ ಮನೆಗೂ ತಲುಪಿಸಿದರು. ಆ ಅಚ್ಚು ಕಲ್ಲಿನ ಮೇಲೆ ಆಗುತ್ತಿತ್ತು. ಜರ್ಮನಿಯಿಂದ ಬರುತ್ತಿದ್ದ ಆ ಕಲ್ಲು ಸುಣ್ಣದ ಕಲ್ಲಿನ ಜಾತಿ, ಅಂದರೆ ನಮ್ಮ ಶಹಾಬಾದ್ ಫರ್ಸಿಯ ದೂರದ ಬಳಗ. ಪಂಡಿತ್ ಕಾಲಕ್ಕೆ ಅಚ್ಚಿನ ಯಂತ್ರಗಳು ಬದಲಾದವು, ಕಂಪನಿಗಳು ವರ್ಷಕ್ಕೊಂದು ಕ್ಯಾಲೆಂಡರ್ ಹಂಚತೊಡಗಿದವು. ವರ್ಷ ಮುಗಿದ ಮೇಲೂ ತಾರೀಖಿನ ಭಾಗ ಕತ್ತರಿಸಿ ಚಿತ್ರವನ್ನು ಉಳಿಸಿಕೊಳ್ಳುವುದು ಮನೆ ಮನೆಯ ರೂಢಿಯಾಯಿತು.

ಓದು ಬಾರದ ಅಜ್ಜಿಯೂ ಆ ಚಿತ್ರ ತೋರಿಸಿ ಮೊಮ್ಮಕ್ಕಳಿಗೆ ಕಥೆ ಹೇಳಬಲ್ಲಳು. ಚಿತ್ರದಲ್ಲಿ ಕಥೆ ಹೇಳೋದು ಈ ಜಿಲ್ಲೆಗೆ ಹೊಸದೇನಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿ ಹತ್ತಿರದ ಕನಗನಹಳ್ಳಿ ಸ್ತೂಪದಲ್ಲಿ ಬೌದ್ಧ ಕಥೆಗಳ ಕಲ್ಲುಚಿತ್ರಗಳಿವೆ. ಅಲ್ಲಿ ಅಶೋಕನ ಶಿಲ್ಪಕ್ಕೆ ಅವನ ಹೆಸರನ್ನೂ ಬ್ರಾಹ್ಮಿ ಲಿಪಿಯಲ್ಲಿ ಕೆತ್ತಿದ್ದಾರೆ. ಚಿತ್ರ ಮತ್ತು ಅದರ ಜೊತೆ ಒಂದು ಸಾಲು ಬರಹ, ಇವತ್ತಿನ ಕಾಮಿಕ್ಸ್ ಪುಸ್ತಕದ ಹಾಗೆಯೇ.

ಕಾಮಿಕ್ಸ್ ಪುಸ್ತಕ ನಮ್ಮ ಮಕ್ಕಳ ಕೈಗೆ ಬಂದಾಗಲೂ ಈ ಚಿತ್ರಗಳ ಋಣ ಇತ್ತು. ಕನ್ನಡ ಚಂದಮಾಮ 1949ರಲ್ಲಿ ಬಂತು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1967ರಲ್ಲಿ ಅಮರ ಚಿತ್ರ ಕಥೆ ಶುರು ಮಾಡಿದರು. ಆ ಹೊತ್ತಿಗೆ ಕೃಷ್ಣ ಹೇಗಿರುತ್ತಾನೆ, ದಮಯಂತಿ ಹೇಗಿರುತ್ತಾಳೆ ಅನ್ನೋದು ಓದುವ ಮಗುವಿಗೆ ಆಗಲೇ ಗೊತ್ತಿತ್ತು. ಮನೆಯ ಗೋಡೆ ಕಲಿಸಿಬಿಟ್ಟಿತ್ತು. ರವಿವರ್ಮ, ಪಂಡಿತ್, ಮುಳಗಾಂವಕರ್ ಥರದವರು ಹಾಕಿಕೊಟ್ಟ ಮುಖಗಳವು.

ಕ್ಯಾಲೆಂಡರ್ ಕಲಾವಿದ ಅನ್ನುವ ಮಾತು

ಜನ ಮೆಚ್ಚಿದ ಈ ಕೆಲಸವೇ ಅವರಿಗೆ ಅಡ್ಡಿಯೂ ಆಯಿತು. 1947ರಲ್ಲಿ ಬಾಂಬೆಯಲ್ಲಿ ಪ್ರೋಗ್ರೆಸ್ಸಿವ್ ಆರ್ಟಿಸ್ಟ್ಸ್ ಗ್ರೂಪ್ ಹುಟ್ಟಿತು. ಕಲೆ ಅಂದರೆ ಹೊಸದು, ಇದ್ದದ್ದನ್ನು ಮುರಿದು ಕಟ್ಟುವಂಥದ್ದು ಎಂಬ ಗಾಳಿ ಎದ್ದಿತು. ಆ ಗುಂಪಿನ ಎಂ.ಎಫ್. ಹುಸೇನ್ ಕೂಡ ಒಂದು ಕಾಲಕ್ಕೆ ಸಿನಿಮಾ ಬೋರ್ಡು ಬರೆದು ಹೊಟ್ಟೆ ಹೊರೆದವರೇ. ಹುಸೇನ್ ಬೋರ್ಡು ಬಿಟ್ಟು ಗ್ಯಾಲರಿಗೆ ಹೋದರು. ಪಂಡಿತ್ ಅಚ್ಚಿನ ಜೊತೆಗೇ ಉಳಿದರು. ಒಬ್ಬರ ಹೆಸರು ಕಲಾ ಇತಿಹಾಸದ ಪುಸ್ತಕಗಳಲ್ಲಿ ಮುಂದೆ ಕೂತಿತು, ಇನ್ನೊಬ್ಬರಿಗೆ ಕ್ಯಾಲೆಂಡರ್ ಕಲಾವಿದ ಅನ್ನುವ ಹಣೆಪಟ್ಟಿ ಅಂಟಿತು. ಆ ಮಾತಿನಲ್ಲಿ ಹೊಗಳಿಕೆಗಿಂತ ತಾತ್ಸಾರವೇ ಹೆಚ್ಚಿತ್ತು.

ಆದರೂ ಅವರು ಅಚ್ಚಿನ ಕೆಲಸಕ್ಕಷ್ಟೇ ನಿಲ್ಲಲಿಲ್ಲ. ದೊಡ್ಡ ತೈಲವರ್ಣ ಚಿತ್ರಗಳನ್ನೂ ಬರೆದರು. ಕನ್ಯಾಕುಮಾರಿಯ ಬಂಡೆಯ ಮೇಲೆ ನಿಂತ ಸ್ವಾಮಿ ವಿವೇಕಾನಂದರ ಹೆಸರಾಂತ ಚಿತ್ರ ಅವರದ್ದು. ಹಿಂದೆ ಸಮುದ್ರ, ಮುಂದೆ ಕಾವಿ ತೊಟ್ಟ ಸಂನ್ಯಾಸಿ. ಅದರ ಪ್ರತಿಗಳನ್ನು ನೋಡದವರು ಕಡಿಮೆ, ಬರೆದವರು ಕಲಬುರಗಿಯವರು ಅಂತ ಗೊತ್ತಿರುವವರು ಇನ್ನೂ ಕಡಿಮೆ. 1978ರಲ್ಲಿ ಲಂಡನ್ನಿನಲ್ಲೂ ಅವರ ಚಿತ್ರಗಳ ಪ್ರದರ್ಶನ ನಡೆಯಿತು.

ಮರಳಿ ಊರಿಗೆ

ಬಾಂಬೆಯಲ್ಲಿ ಹೆಸರು, ಕೆಲಸ ಎರಡೂ ಸಿಕ್ಕ ಮೇಲೂ ಪಂಡಿತ್ ಕಡೆಗಾಲಕ್ಕೆ ತವರಿಗೆ ಮರಳಿದರು. ಗುಲಬರ್ಗಾ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ರಂಗಮಂದಿರದ ಫಲಕದಲ್ಲಿ ಹೆಸರಿನ ಮುಂದೆ ಕಾಣುವ ಡಾ. ಅದೇ. 1993ರ ಮಾರ್ಚ್ 30ರಂದು, 77 ತುಂಬಿದ ಐದೇ ದಿನಕ್ಕೆ, ಅವರು ತೀರಿಕೊಂಡರು.

ಅಚ್ಚಾದ ಚಿತ್ರಗಳನ್ನು ತಾತ್ಸಾರದಿಂದ ನೋಡುತ್ತಿದ್ದ ವಿದ್ವಾಂಸರೇ ನಂತರದ ವರ್ಷಗಳಲ್ಲಿ ಕ್ಯಾಲೆಂಡರ್ ಕಲೆಯನ್ನು ಅಭ್ಯಾಸ ಮಾಡತೊಡಗಿದರು. ಹಳೆಯ ಫಿಲ್ಮ್ ಇಂಡಿಯಾ ಸಂಚಿಕೆ, ಹಳೆಯ ಪೋಸ್ಟರ್‌ಗಳನ್ನು ಈಗ ಸಂಗ್ರಹಕಾರರು ಹುಡುಕಿಕೊಂಡು ಬರುತ್ತಾರೆ. ಕಾಗದದ ಆಯುಷ್ಯ ಮಾತ್ರ ಸಣ್ಣದು. ಗೆದ್ದಲು, ಮಳೆಗಾಲದ ತೇವ, ಮನೆ ರಿಪೇರಿ ಇಷ್ಟು ಸಾಕು ಅದನ್ನು ಮುಗಿಸಲಿಕ್ಕೆ. ಹಳೆ ಮನೆ ಕೆಡವಿ ಆರ್‌ಸಿಸಿ ಕಟ್ಟುವಾಗ ಮೊದಲು ಹೊರಗೆ ಬೀಳೋದು ಗಾಜು ಒಡೆದ ಹಳೆಯ ಫೋಟೊಗಳೇ. ಕೆಲವು ಬೇವಿನ ಗಿಡದ ಬುಡ ಸೇರುತ್ತವೆ, ಕೆಲವು ಹೊಳೆ ಸೇರುತ್ತವೆ.

ಶಹಾಬಾದಿನ ಫರ್ಸಿ ಮನೆಯಲ್ಲಿರಲಿ, ವಾಡಿಯ ಕಾಲೊನಿಯಲ್ಲಿರಲಿ, ಚಿಂಚೋಳಿಯ ಹಳೆ ವಾಡೆಯಲ್ಲಿರಲಿ, ಅಂಥದ್ದೊಂದು ಫೋಟೊ ಇಳಿಸುವಾಗ ಧೂಳು ಒರೆಸಿ ಕೆಳಗಿನ ಮೂಲೆ ನೋಡಬೇಕು. ಎಸ್.ಎಂ. ಪಂಡಿತ್ ಅನ್ನುವ ಸಹಿ ಅಲ್ಲಿ ಸಿಕ್ಕೀತು. ಸಿಕ್ಕರೆ ಅದು ಹೊಳೆಗೆ ಬಿಡುವ ಕಾಗದವಲ್ಲ, ಈ ಜಿಲ್ಲೆಯ ಹುಡುಗನೊಬ್ಬನ ದುಡಿಮೆ.